ಗೋಡೆಯ ಮೇಲಿನ ಅರ್ಧ ಹಡಗು

ಹಳೆಯ ವಸ್ತುಗಳನ್ನು ಕುರಿತ ಈ ಪ್ರಶ್ನೋತ್ತರ ಅಂಕಣಕ್ಕೆ ಗಡಿಯಾರ, ನಾಣ್ಯ, ಗ್ರಾಮಫೋನುಗಳ ಬಗೆಗಿನ ಪತ್ರಗಳೇ ಹೆಚ್ಚಾಗಿ ಬರುತ್ತವೆ. ಈ ಬಾರಿ ಬಸವನಗುಡಿಯಿಂದ ಬಂದ ಒಂದು ಪತ್ರವನ್ನು ಓದಿದ ಮೇಲೆ, ಅದೇ ವಿಷಯದ ಸುತ್ತ ಹಿಂದೆ ಬಂದು ಉಳಿದಿದ್ದ ಬೇರೆ ಪತ್ರಗಳನ್ನೂ ಹುಡುಕಿ ತೆಗೆದು, ಇಡೀ ಅಂಕಣವನ್ನು ಉಗಿಯಂತ್ರದ ಯುದ್ಧನೌಕೆಗಳ ಅರೆಯೊಡಲ ಮಾದರಿಗಳಿಗೇ ಮೀಸಲಿಟ್ಟಿದ್ದೇನೆ. ಹಡಗಿನ ಒಡಲನ್ನು ಉದ್ದಕ್ಕೆ ಸೀಳಿದಂತೆ ಒಂದೇ ಮಗ್ಗುಲನ್ನು ಮರದಲ್ಲಿ ಕೆತ್ತಿ ಹಲಗೆಗೆ ಜೋಡಿಸಿರುವ ಇಂಥ ಮಾದರಿಗಳನ್ನು ಇವುಗಳನ್ನು ಬಲ್ಲವರು ಹಾಫ್ ಮಾಡೆಲ್ ಎಂದೇ ಕರೆಯುತ್ತಾರೆ.

ಬಸವನಗುಡಿಯ ಓದುಗರು: ನಮ್ಮ ತಾತನವರು ಮುಂಬಯಿಯ ಹಡಗುಕಟ್ಟೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಅವರು ತಂದ ಸುಮಾರು ನಾಲ್ಕು ಅಡಿ ಉದ್ದದ ಮರದ ಹಡಗೊಂದು ನಮ್ಮ ಹಜಾರದ ಗೋಡೆಯಲ್ಲಿದೆ. ಅರ್ಧ ಮಾತ್ರ ಇದೆ, ಹಿಂಬದಿ ಚಪ್ಪಟೆಯಾಗಿದೆ. ಮೈಮೇಲೆಲ್ಲ ಶಾಯಿಯ ಗೆರೆಗಳೂ ಸಣ್ಣ ಅಂಕಿಗಳೂ ತುಂಬಿವೆ. ಉಳಿದರ್ಧ ಎಲ್ಲಿಯೋ ಕಳೆದುಹೋಗಿದೆಯೇ? ಗೆರೆಗಳನ್ನು ಉಜ್ಜಿ ತೆಗೆದು ಚೆನ್ನಾಗಿ ಪಾಲಿಶ್ ಮಾಡಿಕೊಡುವುದಾಗಿ ನಮ್ಮ ಬಡಗಿ ಹೇಳುತ್ತಿದ್ದಾರೆ. ಮಾಡಿಸಬಹುದೇ?

ಉತ್ತರ: ದಯವಿಟ್ಟು ಮಾಡಿಸಬೇಡಿ. ಉತ್ತರದ ಉಳಿದ ಭಾಗವನ್ನು ನಿಧಾನವಾಗಿ ಓದಿದರೂ ಆದೀತು, ಬಡಗಿಯವರನ್ನು ಮಾತ್ರ ಇಂದೇ ತಡೆಯಿರಿ. ನಿಮ್ಮ ಹಡಗಿನ ಯಾವ ಭಾಗವೂ ಕಳೆದುಹೋಗಿಲ್ಲ. ಅದು ಹುಟ್ಟಿದ್ದೇ ಅರ್ಧವಾಗಿ.

ಹಡಗಿನ ಎಡ ಮತ್ತು ಬಲ ಮಗ್ಗುಲುಗಳು ಒಂದೇ ಆಕಾರದವು. ಒಂದು ಮಗ್ಗುಲಿನ ಅಳತೆ ತಿಳಿದರೆ ಇನ್ನೊಂದು ತಾನಾಗಿಯೇ ಸಿಗುವುದರಿಂದ, ಹಡಗು ಕಟ್ಟುವವರು ಎರಡನೆಯದಕ್ಕೆ ಮರವನ್ನೂ ಶ್ರಮವನ್ನೂ ವ್ಯಯಿಸಲಿಲ್ಲ. ಮರದ ಹಡಗುಗಳ ಕಾಲದಲ್ಲಿ, ವಿಶೇಷವಾಗಿ ಅಮೆರಿಕದ ಹಡಗುಕಟ್ಟೆಗಳಲ್ಲಿ, ತೆಳು ಹಲಗೆಗಳನ್ನು ಒಂದರ ಮೇಲೊಂದು ಇಟ್ಟು ಮರದ ಗೂಟಗಳಿಂದ ಬಿಗಿದು ಆ ದಿಮ್ಮಿಯಿಂದ ಅರೆಯೊಡಲನ್ನು ಕೆತ್ತುತ್ತಿದ್ದರು. ಆಕಾರವು ಕಣ್ಣಿಗೂ ಕೈಗೂ ಒಪ್ಪುವವರೆಗೆ ಉಳಿಯಿಂದಲೂ ಉಜ್ಜುಗೊರಡಿನಿಂದಲೂ ತಿದ್ದಿ, ಆಮೇಲೆ ಗೂಟಗಳನ್ನು ಕಿತ್ತು ಹಲಗೆಗಳನ್ನು ಬಿಡಿಬಿಡಿಯಾಗಿ ತೆಗೆದರೆ, ನೀರಿನ ಒಂದೊಂದು ಮಟ್ಟದಲ್ಲಿ ಹಡಗಿನ ಅಂಚು ಹೇಗೆ ಬಾಗುತ್ತದೆ ಎಂಬುದು ಒಂದೊಂದು ಹಲಗೆಯ ಅಂಚಿನಲ್ಲಿ ಸಿದ್ಧವಾಗಿರುತ್ತಿತ್ತು. ಆ ಅಳತೆಗಳನ್ನು ಹಿಗ್ಗಿಸಿ, ವಿಶಾಲವಾದ ಅಟ್ಟದ ನೆಲದ ಮೇಲೆ ನಿಜವಾದ ಗಾತ್ರದಲ್ಲಿ ಗೆರೆ ಎಳೆದು, ಅದರಂತೆ ಹಡಗಿನ ಪಕ್ಕೆಲುಬುಗಳನ್ನು ಕತ್ತರಿಸುತ್ತಿದ್ದರು. ಹೀಗಾಗಿ ಮೊದಲು ಮಾದರಿ, ಆಮೇಲೆ ಹಡಗು. ಗೋಡೆಯ ಅಲಂಕಾರಕ್ಕೆಂದು ಹಡಗನ್ನು ನೋಡಿ ಕೆತ್ತಿದ ಗೊಂಬೆ ಇದು ಎಂದು ತಿಳಿಯುವುದೇ ನಮ್ಮಲ್ಲಿ ಇಂಥ ಮಾದರಿಗಳು ಹಾಳಾಗಲು ಮುಖ್ಯ ಕಾರಣ.

ನಿಮ್ಮಲ್ಲಿರುವುದು ಇದರ ನಂತರದ ಕಾಲದ್ದು, ಕಬ್ಬಿಣ ಅಥವಾ ಉಕ್ಕಿನ ಹಡಗಿನದು. ಆ ಗೆರೆಗಳೇ ಅದಕ್ಕೆ ಸಾಕ್ಷಿ. ಕಬ್ಬಿಣದ ಹಡಗಿನ ಹೊರಮೈಯನ್ನು ನೂರಾರು ತಗಡುಗಳಿಂದ ಹೊದಿಸಬೇಕು. ಹಡಗಿನ ಮೈ ಉದ್ದಕ್ಕೂ ಬಾಗುತ್ತದೆ, ಎತ್ತರಕ್ಕೂ ಬಾಗುತ್ತದೆ. ಹೀಗೆ ಎರಡು ಕಡೆಗೆ ಬಾಗಿದ ಮೈಯನ್ನು ಚಪ್ಪಟೆ ಕಾಗದದ ಮೇಲೆ ಸರಿಯಾದ ಅಳತೆಯಲ್ಲಿ ಬಿಡಿಸಲಾಗದು. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಲು ಪ್ರಯತ್ನಿಸಿದವರಿಗೆ ಈ ತೊಡಕು ಗೊತ್ತಿರುತ್ತದೆ. ಅದಕ್ಕಾಗಿ ನಕ್ಷೆಗಾರರು ಅರೆಯೊಡಲ ಮಾದರಿಯ ಮೈಮೇಲೆಯೇ ಬಾಗುವ ತೆಳುಪಟ್ಟಿಗಳನ್ನು ಒತ್ತಿ ಹಿಡಿದು, ಪ್ರತಿ ತಗಡಿನ ಅಂಚನ್ನು ಶಾಯಿಯಲ್ಲಿ ಎಳೆದು, ಅದರ ಉದ್ದಗಲಗಳನ್ನು ಅಲ್ಲಿಂದಲೇ ಅಳೆದು, ತಗಡು ತಯಾರಿಸುವ ಕಾರ್ಖಾನೆಗೆ ಬೇಡಿಕೆ ಕಳಿಸುತ್ತಿದ್ದರು. ಗೆರೆಗಳನ್ನು ಹತ್ತಿರದಿಂದ ನೋಡಿ: ಮೇಲಿನ ಸಾಲಿನ ತಗಡುಗಳು ಕೂಡುವ ಜಾಗವೂ ಕೆಳಗಿನ ಸಾಲಿನ ತಗಡುಗಳು ಕೂಡುವ ಜಾಗವೂ ಒಂದೇ ನೇರದಲ್ಲಿ ಬಂದಿರುವುದಿಲ್ಲ. ಗಾರೆಯವರು ಇಟ್ಟಿಗೆಯ ಸಂದುಗಳನ್ನು ತಪ್ಪಿಸಿ ಗೋಡೆ ಕಟ್ಟುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ. ಸಂದುಗಳು ಒಂದೇ ನೇರದಲ್ಲಿ ಬಿದ್ದರೆ ಅಲೆಯ ಹೊಡೆತಕ್ಕೆ ಒಡಲು ಅಲ್ಲಿಯೇ ಬಿರಿಯುತ್ತದೆ. ಗೆರೆಗಳ ನಡುವಿನ ಸಣ್ಣ ಅಂಕಿಗಳಲ್ಲಿ ತಗಡಿನ ಕ್ರಮಸಂಖ್ಯೆ, ದಪ್ಪ ಮೊದಲಾದ ವಿವರಗಳು ಇರುತ್ತವೆ.

ಹಲವು ವರ್ಷಗಳ ಹಿಂದೆ ದಂಡಿನ ಪ್ರದೇಶದ ಹಳೆಯ ಬಂಗಲೆಯೊಂದರಲ್ಲಿ ಇಂಥದೇ ಒಂದು ಮಾದರಿಯನ್ನು ನೋಡಲು ಹೋಗಿದ್ದೆ. ಅದರ ಮೈಮೇಲೆ ಗೆರೆಗಳಿವೆ ಎಂದು ಮನೆಯವರು ಮೊದಲೇ ತಿಳಿಸಿದ್ದರು. ನಾನು ತಲುಪುವ ಹಿಂದಿನ ವಾರವೇ, ಅತಿಥಿ ಬರುತ್ತಾರೆಂದು, ಅದನ್ನು ಮರಳುಕಾಗದದಿಂದ ಉಜ್ಜಿಸಿ ಕನ್ನಡಿಯಂತೆ ಹೊಳೆಯಿಸಿದ್ದರು. ಹಿಂಬದಿಯ ಹಲಗೆಯ ಸಂದಿನಲ್ಲಿ ಬೆರಳುದ್ದದ ಜಾಗದಲ್ಲಿ ಮಾತ್ರ ಶಾಯಿ ಉಳಿದಿತ್ತು. ಯಾವ ಹಡಗಿನದೆಂದು ಪತ್ತೆ ಮಾಡಬಹುದಾಗಿದ್ದ ಬರಹ ಹೊರಟುಹೋಗಿ ಬರಿಯ ಮರ ಉಳಿದುಕೊಂಡಿತ್ತು. ಆ ದಿನದ ಸಂಕಟ ನನಗೆ ಇನ್ನೂ ಮಾಸಿಲ್ಲ. ನಿಮ್ಮ ತಾತನವರ ಕೈಬರಹವೇ ಆ ಗೆರೆಗಳಲ್ಲಿ ಇರುವ ಸಾಧ್ಯತೆಯೂ ಇದೆ ಎಂಬುದನ್ನು ಮನೆಯವರಿಗೆ ತಿಳಿಸಿ.

ಅದೇ ಓದುಗರು: ಅದು ಯಾವ ಹಡಗಿನದೆಂದು ಪತ್ತೆ ಮಾಡುವುದು ಹೇಗೆ?

ಉತ್ತರ: ಮೊದಲು ಅಳತೆಯ ಪ್ರಮಾಣವನ್ನು ಹಿಡಿಯಬೇಕು. ಇಂಥ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದುದು ಕಾಲು ಇಂಚಿಗೆ ಒಂದು ಅಡಿ, ಅಂದರೆ 48ರಲ್ಲಿ ಒಂದು ಪಾಲು. ದೊಡ್ಡ ಹಡಗುಗಳಿಗೆ ಅದರ ಅರ್ಧ, ಅಂದರೆ 96ರಲ್ಲಿ ಒಂದು ಪಾಲನ್ನೂ ಬಳಸುತ್ತಿದ್ದರು. ನಿಮ್ಮ ನಾಲ್ಕು ಅಡಿಯ ಮಾದರಿಯು ಮೊದಲನೆಯ ಪ್ರಮಾಣದ್ದಾದರೆ ಹಡಗು 192 ಅಡಿ ಉದ್ದದ ಸಣ್ಣ ನೌಕೆ. ಎರಡನೆಯದಾದರೆ 384 ಅಡಿಯ ಭಾರಿ ಹಡಗು. ಎರಡರಲ್ಲಿ ಯಾವುದೆಂದು ತೀರ್ಮಾನಿಸಲು ಮನುಷ್ಯನ ಎತ್ತರವೇ ಅಳತೆಗೋಲು. ಹಡಗಿನೊಳಗೆ ಜನ ಓಡಾಡುವ ಒಂದು ಅಂತಸ್ತಿಗೆ ಸುಮಾರು ಏಳು ಅಡಿ ಎತ್ತರ ಬೇಕು. ನಿಮ್ಮ ಮಾದರಿಯ ಮೇಲೆ ಒಂದು ಅಂತಸ್ತಿನ ಗೆರೆಗೂ ಮುಂದಿನ ಅಂತಸ್ತಿನ ಗೆರೆಗೂ ನಡುವೆ ಒಂದೂ ಮುಕ್ಕಾಲು ಇಂಚು ಇದ್ದರೆ ಅದು 48ರ ಪ್ರಮಾಣ, ಒಂದು ಇಂಚಿಗಿಂತ ಸ್ವಲ್ಪ ಕಡಿಮೆಯಿದ್ದರೆ 96ರ ಪ್ರಮಾಣ.

ಕಾಲವನ್ನು ಒಡಲಿನ ಆಕಾರವೇ ಹೇಳುತ್ತದೆ. ಮಗ್ಗುಲಿನ ನಡುಭಾಗದಲ್ಲಿ ದೊಡ್ಡ ಚಕ್ರದ ಗೂಡು ಇದ್ದರೆ ಅದು ಚಕ್ರದಿಂದ ನೀರು ತಳ್ಳುವ ಹಡಗು. ಯುದ್ಧನೌಕೆಯಾದರೆ ಬಹುಮಟ್ಟಿಗೆ 1860ಕ್ಕಿಂತ ಹಿಂದಿನದು. ಮಗ್ಗುಲಿನ ಚಕ್ರಕ್ಕೆ ಒಂದೇ ಗುಂಡು ತಗುಲಿದರೂ ಹಡಗು ಕುಂಟಿಬಿಡುತ್ತಿದ್ದುದರಿಂದ, ನೀರಿನೊಳಗೆ ಅಡಗಿರುವ ಪ್ರೊಪೆಲರ್ ಕಡೆಗೆ ನೌಕಾಪಡೆಗಳು ವಾಲಿದವು. 1845ರ ಏಪ್ರಿಲ್‌ನಲ್ಲಿ ಬ್ರಿಟಿಷ್ ನೌಕಾಪಡೆಯು ಪ್ರೊಪೆಲರ್ ಇದ್ದ ರಾಟ್ಲರ್ ಮತ್ತು ಚಕ್ರವಿದ್ದ ಅಲೆಕ್ಟೊ ಎಂಬ ಎರಡು ಹಡಗುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಹಗ್ಗಜಗ್ಗಾಟ ನಡೆಸಿದಾಗ, ರಾಟ್ಲರ್ ಇನ್ನೊಂದನ್ನು ಹಿಮ್ಮುಖವಾಗಿ ಎಳೆದೊಯ್ದಿತು. ಹಿಂಭಾಗದಲ್ಲಿ, ಚುಕ್ಕಾಣಿಗೆ ಸ್ವಲ್ಪ ಮುಂದೆ, ಪ್ರೊಪೆಲರ್ ಕೂರುವ ಕಿಂಡಿ ಕಂಡರೆ ನಿಮ್ಮದು ಈ ಸಾಲಿಗೆ ಸೇರಿದ್ದು. ಮುಂಭಾಗವು ನೀರಿನ ಕೆಳಗೆ ನೇಗಿಲ ಮೂತಿಯಂತೆ ಮುಂದಕ್ಕೆ ಚಾಚಿದ್ದರೆ, ಶತ್ರುವಿನ ಹಡಗಿಗೆ ಗುದ್ದಿ ಮುಳುಗಿಸುವ ಉದ್ದೇಶದ ಯುದ್ಧನೌಕೆ ಅದು. 1866ರಲ್ಲಿ ಲಿಸ್ಸಾ ಎಂಬಲ್ಲಿ ಆಸ್ಟ್ರಿಯದ ಹಡಗೊಂದು ಇಟಲಿಯ ರೆ ಡಿಟಾಲಿಯ ಎಂಬ ಕವಚನೌಕೆಯನ್ನು (ಮಗ್ಗುಲಿಗೆ ದಪ್ಪ ಕಬ್ಬಿಣ ಹೊದಿಸಿದ ಯುದ್ಧನೌಕೆಯನ್ನು) ಗುದ್ದಿ ಮುಳುಗಿಸಿದ ಮೇಲೆ ಕೆಲವು ದಶಕಗಳ ಕಾಲ ಇಂಥ ಮೂತಿಯೇ ಎಲ್ಲ ನೌಕಾಪಡೆಗಳಲ್ಲಿಯೂ ವಾಡಿಕೆಯಾಯಿತು. ಪ್ರಮಾಣ, ಉದ್ದ, ಅರೆಯೊಡಲ ಅಗಲದ ಇಮ್ಮಡಿ, ಮೂತಿಯ ಆಕಾರ ಇವಿಷ್ಟನ್ನು ಬರೆದಿಟ್ಟುಕೊಂಡು, ಪ್ರತಿ ಗೆರೆಯನ್ನೂ ಓದಲು ಬರುವಂತೆ ಫೋಟೊ ತೆಗೆದಿಡಿ. ಹಲಗೆಯ ಹಿಂಬದಿಯನ್ನು ಮರೆಯಬೇಡಿ. ಹಡಗುಕಟ್ಟೆಗಳು ತಾವು ಕಟ್ಟುವ ಹಡಗಿನ ಕ್ರಮಸಂಖ್ಯೆಯನ್ನು ಅಲ್ಲಿ ಬರೆಯುವುದುಂಟು. ಹೆಸರಿಗಿಂತ ಆ ಸಂಖ್ಯೆಯೇ ಹೆಚ್ಚು ನಂಬಿಕೆಗೆ ಅರ್ಹ.

ಜಯನಗರದ ಓದುಗರು: ಎರಡು ಅಡಿ ಉದ್ದದ ಮಾದರಿಯೊಂದನ್ನು, ವಾರಿಯರ್ ಎಂಬ ಯುದ್ಧನೌಕೆಯನ್ನು ಕಟ್ಟಿದವರೇ ಕೆತ್ತಿದ ಮೂಲ ಮಾದರಿ ಎಂದು ಹೇಳಿ ವ್ಯಾಪಾರಿಯೊಬ್ಬರು ದೊಡ್ಡ ಬೆಲೆ ಕೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ಬೆಲೆಯ ಮಾತಿಗೆ ಮೊದಲು ಲೆಕ್ಕ ಹಾಕಿ. ಲಂಡನ್ನಿನ ಥೇಮ್ಸ್ ದಡದ ಬ್ಲ್ಯಾಕ್‌ವಾಲ್‌ನಲ್ಲಿ 1859ರಲ್ಲಿ ಕಟ್ಟಲು ತೊಡಗಿ, 1860ರ ಡಿಸೆಂಬರ್‌ನಲ್ಲಿ ನೀರಿಗಿಳಿಸಿದ ವಾರಿಯರ್, ಬ್ರಿಟನ್ನಿನ ಮೊದಲ ಕಬ್ಬಿಣದ ಒಡಲಿನ ಕವಚನೌಕೆ. ಅದರ ಒಡಲು 380 ಅಡಿ. 48ರ ಪ್ರಮಾಣದಲ್ಲಿ ಮಾದರಿಯು ಸುಮಾರು ಎಂಟು ಅಡಿ ಆಗಬೇಕು, 96ರಲ್ಲಿ ಸುಮಾರು ನಾಲ್ಕು ಅಡಿ. ಎರಡು ಅಡಿಯ ಮಾದರಿಯಿಂದ ತಗಡಿನ ಅಳತೆ ತೆಗೆಯುವುದಾಗಲಿ ಒಡಲಿನ ಬಾಗನ್ನು ತಿದ್ದುವುದಾಗಲಿ ಆಗದ ಕೆಲಸ. ಆದ್ದರಿಂದ ಅದು ಹಡಗು ಕಟ್ಟಲು ಬಳಸಿದ ಮಾದರಿಯಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ವಸ್ತುವನ್ನು ತಿರುಗಿಸಿ ನೋಡಿ. ಹಿಂಬದಿಯ ಹಲಗೆ ಪ್ಲೈವುಡ್ ಆಗಿದ್ದರೆ, ಅಥವಾ ತಲೆಯಲ್ಲಿ ಕೂಡುಗುರುತಿನ ಕಿಂಡಿಯಿರುವ ಸ್ಕ್ರೂಗಳಿದ್ದರೆ, 1860ರ ಮಾತೇ ಇಲ್ಲ. ಅಂಥ ಸ್ಕ್ರೂಗಳು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಹಳೆಯ ಮಾದರಿಯಲ್ಲಿ ಮರದ ಮೈ ಒಂದೇ ಸಮನಾಗಿ ಕಂದಾಗಿರುವುದಿಲ್ಲ. ಗೋಡೆಗೆ ತಾಗಿದ ಭಾಗ, ಹಲಗೆಯಿಂದ ಮುಚ್ಚಿದ ಭಾಗ, ಬೆಳಕು ಬಿದ್ದ ಭಾಗ ಮೂರೂ ಬೇರೆ ಬೇರೆ ಬಣ್ಣ ತಳೆದಿರುತ್ತವೆ. ಹೊಸದನ್ನು ಹಳೆಯದಾಗಿಸಲು ಬಳಿದ ಬಣ್ಣವು ಸಂದುಗೊಂದಿಗಳಲ್ಲಿಯೂ ಹಿಂಬದಿಯಲ್ಲಿಯೂ ಒಂದೇ ರೀತಿ ಇರುತ್ತದೆ. ಮೈಮೇಲೆ ಕೈವಾರ, ಸೂಜಿಮೊನೆಗಳ ಸಣ್ಣ ತೂತುಗಳು, ಅಳಿಸಿ ಮತ್ತೆ ಎಳೆದ ಪೆನ್ಸಿಲ್ ಗೆರೆಗಳು ಇದ್ದರೆ ಸಂತೋಷಪಡಿ. ಕೆಲಸಕ್ಕೆ ಬಳಸಿದ ಮಾದರಿಯಲ್ಲಿ ಮಾತ್ರ ಅವು ಇರುತ್ತವೆ.

ಒಂದು ಮಾತನ್ನು ಸೇರಿಸಬೇಕು. ಹಡಗುಕಟ್ಟೆಗಳು ತಮ್ಮ ಗಿರಾಕಿಗಳಿಗೆ ತೋರಿಸಲೆಂದೇ ಅಂದವಾಗಿ ಮಾಡಿಸುತ್ತಿದ್ದ ಅರೆಯೊಡಲ ಮಾದರಿಗಳೂ ಇದ್ದವು. ಅರ್ಧ ಹಡಗನ್ನು ಕನ್ನಡಿಗೆ ತಾಗಿಸಿ ನಿಲ್ಲಿಸಿ, ಪ್ರತಿಬಿಂಬದಿಂದ ಪೂರ್ತಿ ಹಡಗು ಕಾಣುವಂತೆ ಮಾಡಿದ ಮಾದರಿಗಳು ಇವುಗಳಲ್ಲಿ ಬಹಳ ಚೆಂದ. ಚಿಮಣಿ, ದೋಣಿ, ಲಂಗರು, ಫಿರಂಗಿಗಳೆಲ್ಲ ಅರ್ಧರ್ಧವೇ ಇದ್ದು ಕನ್ನಡಿಯಲ್ಲಿ ಪೂರ್ತಿಯಾಗುತ್ತವೆ. ಅವುಗಳಲ್ಲಿ ಗೆರೆಗಳಿಲ್ಲದಿರುವುದು ದೋಷವಲ್ಲ. ಆದರೆ ನಿಮ್ಮ ವ್ಯಾಪಾರಿಯು ಹೇಳುವ ಮಾದರಿ ಈ ಬಗೆಯದೂ ಅಲ್ಲ. ಕಣ್ಣಿಗೆ ಹಿಡಿಸಿದರೆ ಅಲಂಕಾರದ ವಸ್ತುವಿನ ಬೆಲೆ ಕೊಟ್ಟು ತನ್ನಿ, ಚರಿತ್ರೆಯ ಬೆಲೆ ಕೊಡಬೇಡಿ.

ವಿದ್ಯಾರಣ್ಯಪುರದ ಎಂಜಿನಿಯರಿಂಗ್ ವಿದ್ಯಾರ್ಥಿನಿ: ವಾರಿಯರ್‌ನಂಥ ಹಡಗಿನ ಕವಚದ ತಗಡು ಎಷ್ಟು ದಪ್ಪವಿತ್ತು? ಅಷ್ಟು ಭಾರ ಹೊತ್ತ ಹಡಗಿನ ವೇಗವನ್ನು ಕಟ್ಟುವ ಮೊದಲೇ ಮಾದರಿಯಿಂದ ತಿಳಿಯಬಹುದಾಗಿತ್ತೇ?

ಉತ್ತರ: ಕವಚದ ಕಬ್ಬಿಣ ನಾಲ್ಕೂವರೆ ಇಂಚು ದಪ್ಪ, ಅದರ ಬೆನ್ನಿಗೆ 18 ಇಂಚು ದಪ್ಪದ ತೇಗದ ಮರ. ಗುಂಡು ಬಡಿದಾಗ ಕಬ್ಬಿಣವು ಬಿರಿಯದಂತೆ ಆ ಪೆಟ್ಟನ್ನು ನುಂಗಿಕೊಳ್ಳುವುದು ತೇಗದ ಕೆಲಸ. ಹದಿನೈದು ಅಡಿ ಉದ್ದ, ಮೂರು ಅಡಿ ಅಗಲದ ಒಂದೊಂದು ತಗಡೂ ಸುಮಾರು ನಾಲ್ಕು ಟನ್ ತೂಗುತ್ತಿತ್ತು. ಒಂದರ ಅಂಚಿನ ನಾಲಗೆಯು ಇನ್ನೊಂದರ ಅಂಚಿನ ತೋಡಿನಲ್ಲಿ ಕೂರುವಂತೆ, ನಮ್ಮ ಬಡಗಿಗಳು ಬಾಗಿಲ ಹಲಗೆಗಳನ್ನು ಕೂಡಿಸುವ ಹಾಗೆ, ಅವುಗಳನ್ನು ಜೋಡಿಸಿದ್ದರು. ಇಷ್ಟಿದ್ದೂ ಅದು ಉಗಿಯ ಬಲದಿಂದ 14 ನಾಟ್‌ಗಿಂತ, ಅಂದರೆ ಗಂಟೆಗೆ 14 ನಾವಿಕ ಮೈಲಿಗಿಂತ, ಹೆಚ್ಚು ವೇಗದಲ್ಲಿ ಸಾಗಿತು.

ನಿಮ್ಮ ಎರಡನೆಯ ಪ್ರಶ್ನೆ ಇನ್ನೂ ಒಳ್ಳೆಯದು. ವಾರಿಯರ್ ಕಟ್ಟುವಾಗ ಮಾದರಿಯನ್ನು ನೀರಿನಲ್ಲಿ ಎಳೆದು ಹಡಗಿನ ವೇಗವನ್ನು ನಂಬಿಕೆಯಿಂದ ಹೇಳುವ ವಿದ್ಯೆ ಇರಲಿಲ್ಲ. ಅದನ್ನು ಕಂಡುಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್. ಮಾದರಿಯನ್ನು ಎಷ್ಟು ಕುಗ್ಗಿಸುತ್ತೇವೋ ಅದರ ವರ್ಗಮೂಲದಷ್ಟು ವೇಗವನ್ನೂ ಕುಗ್ಗಿಸಿದರೆ, ಮಾದರಿ ಎಬ್ಬಿಸುವ ಅಲೆಯು ನಿಜವಾದ ಹಡಗಿನ ಅಲೆಯ ಪಡಿಯಚ್ಚಾಗುತ್ತದೆ ಎಂದು ಅವರು ತೋರಿಸಿದರು. ಹಡಗಿನ 16ರಲ್ಲಿ ಒಂದು ಪಾಲಿನ ಮಾದರಿಯನ್ನು 4 ನಾಟ್ ವೇಗದಲ್ಲಿ ಎಳೆದರೆ, 16 ನಾಟ್‌ನಲ್ಲಿ ಸಾಗುವ ಹಡಗಿನ ಅಲೆ ಕಣ್ಣೆದುರಿಗೆ ಬರುತ್ತದೆ. ನೀರು ಮೈಗೆ ಉಜ್ಜುವುದರಿಂದ ಆಗುವ ತಡೆಯನ್ನು ಮಾತ್ರ ಬೇರೆಯಾಗಿ ಲೆಕ್ಕ ಹಾಕಬೇಕು. 1872ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ನೌಕಾಪಡೆಯ ಹಣದಿಂದ ಅವರು ಪರೀಕ್ಷೆಯ ತೊಟ್ಟಿಯನ್ನು ಸಿದ್ಧಗೊಳಿಸಿದರು. ಅಲ್ಲಿಯ ಮಾದರಿಗಳು ಮರದವಲ್ಲ, ಮೇಣದವು. ಪರೀಕ್ಷೆ ಮುಗಿದ ಮೇಲೆ ಕರಗಿಸಿ ಇನ್ನೊಂದು ಒಡಲನ್ನು ಎರೆಯಬಹುದಿತ್ತು. ನೀರಿಗಿಳಿದ ಆ ಮೇಣದ ಮಾದರಿಗಳು ಪೂರ್ತಿ ಒಡಲಿನವು. ಗೋಡೆಯ ಮೇಲಿನ ಅರೆಯೊಡಲನ್ನು ಮಾತ್ರ ತೇಲಿಸಲು ಆಗದು, ಅದಕ್ಕೆ ಗೊತ್ತಿರುವುದು ಆಕಾರವೊಂದೇ.

ಮಲ್ಲೇಶ್ವರದ ಓದುಗರು: ಭಾರತದಲ್ಲಿ ಕಟ್ಟಿದ ಉಗಿಯಂತ್ರದ ಯುದ್ಧನೌಕೆಗಳು ಇದ್ದವೇ?

ಉತ್ತರ: ಇದ್ದವು, ಮತ್ತು ಅವುಗಳನ್ನು ಕಟ್ಟಿದವರ ಕೀರ್ತಿ ನಮ್ಮಲ್ಲಿಯೇ ಸಾಲದಷ್ಟು ತಿಳಿದಿಲ್ಲ. ಮುಂಬಯಿಯ ಹಡಗುಕಟ್ಟೆಯಲ್ಲಿ ಪಾರ್ಸಿ ವಾಡಿಯಾ ಮನೆತನದವರು ತಲೆಮಾರುಗಳ ಕಾಲ ಮುಖ್ಯ ಹಡಗುಶಿಲ್ಪಿಗಳಾಗಿದ್ದರು. ಅಲ್ಲಿ 1829ರಲ್ಲಿ ನೀರಿಗಿಳಿದ ಹ್ಯೂ ಲಿಂಡ್ಸೆ ಎಂಬ ಚಕ್ರದ ಉಗಿಹಡಗು 1830ರ ಮಾರ್ಚ್ 20ರಂದು ಹೊರಟು ಏಡನ್ ಮಾರ್ಗವಾಗಿ ಸೂಯೆಜ್ ತಲುಪಿತು. ಅದೇ ಮನೆತನದ ಅರ್ದೇಶಿರ್ ಕುರ್ಸೆಟ್‌ಜಿ ಉಗಿಯಂತ್ರಗಳಲ್ಲಿ ಪರಿಣತರಾಗಿ, 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದ ಮೊದಲ ಭಾರತೀಯರೆನಿಸಿದರು.

ಒಡಲಿನ ಆಕಾರವನ್ನು ಕುರಿತು ಮಾತಾಡುವಾಗ ನಾನು ತಪ್ಪದೆ ನೆನೆಯುವುದು ಪಂಜಾಬ್ ಎಂಬ ಹಡಗನ್ನು. 1854ರಲ್ಲಿ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ, ಚಕ್ರಗಳಿದ್ದ ಈ ಯುದ್ಧನೌಕೆಯು, ಅಂದಿನ ಇಂಡಿಯನ್ ನೇವಿಯನ್ನು 1863ರಲ್ಲಿ ವಿಸರ್ಜಿಸುವ ಹೊತ್ತಿಗೆ ಲಂಡನ್ನಿನ ಹಡಗುಮಾಲೀಕ ಜಾನ್ ವಿಲ್ಲಿಸ್ ಅವರ ಕೈ ಸೇರಿತು. ಅವರು ಅದರ ಯಂತ್ರಗಳನ್ನು ಕಿತ್ತು, ಹಾಯಿ ಕಟ್ಟಿಸಿ, ಟ್ವೀಡ್ ಎಂದು ಹೆಸರಿಟ್ಟರು. ಚಕ್ರದ ಭಾರ ಕಳಚಿಕೊಂಡ ಆ ಒಡಲು ತನ್ನ ಕಾಲದ ಬಲು ವೇಗದ ಹಾಯಿಹಡಗುಗಳಲ್ಲಿ ಒಂದಾಯಿತು. ಅದೇ ವಿಲ್ಲಿಸ್ 1869ರಲ್ಲಿ ಕಟ್ಟಿಸಿದ ಕಟ್ಟಿ ಸಾರ್ಕ್ ಎಂಬ ಹಾಯಿಹಡಗು ಇಂದಿಗೂ ಗ್ರೀನಿಚ್‌ನಲ್ಲಿ ನಿಂತಿದೆ. ಅದರ ರೂಪಕ್ಕೆ ಟ್ವೀಡ್‌ನ ಒಡಲು ಸ್ಫೂರ್ತಿಯಾಯಿತೆಂಬ ಮಾತು ಹಡಗಿನ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಮುಂಬಯಿಯ ಬಡಗಿಗಳು ತೇಗದಲ್ಲಿ ಮೂಡಿಸಿದ ಬಾಗು ಅಷ್ಟು ದೂರ ಸಾಗಿತು.

ಕುಕ್ ಟೌನಿನ ಓದುಗರು: ನಮ್ಮ ಮಾದರಿಯನ್ನು ಹೊಸ ಪ್ಲೈವುಡ್ ಕಪಾಟಿನಲ್ಲಿ ಗಾಜು ಹಾಕಿಸಿ ಇಟ್ಟ ಮೇಲೆ, ಅದರ ಪುಟ್ಟ ದೋಣಿಗಳ ಮೇಲೆ ಬಿಳಿ ಪುಡಿ ಕಟ್ಟುತ್ತಿದೆ. ಒರೆಸಿದರೆ ಮತ್ತೆ ಬರುತ್ತದೆ. ಮಳೆಗಾಲದಲ್ಲಿ ಒಡಲಿನ ಮೇಲೆ ಉದ್ದುದ್ದ ಸೀಳುಗೆರೆಗಳೂ ಕಾಣಿಸಿವೆ.

ಉತ್ತರ: ಆ ದೋಣಿಗಳು ಸೀಸದ ಎರಕದವು. ಹೊಸ ಮರ, ಪ್ಲೈವುಡ್, ಅಂಟುಗಳಿಂದ ಹೊಮ್ಮುವ ಹುಳಿ ಆವಿ ಮುಚ್ಚಿದ ಕಪಾಟಿನೊಳಗೆ ಸೇರಿಕೊಂಡು ಸೀಸವನ್ನು ತಿನ್ನುತ್ತದೆ, ಅದೇ ಬಿಳಿ ಪುಡಿ. ಅದು ವಿಷವಾದ್ದರಿಂದ ಬರಿಗೈಯಲ್ಲಿ ಮುಟ್ಟಬೇಡಿ, ಊದಬೇಡಿ, ಮಕ್ಕಳನ್ನು ದೂರವಿಡಿ. ಮಾದರಿಯನ್ನು ಕಪಾಟಿನಿಂದ ಇಂದೇ ಹೊರತೆಗೆದು ಗಾಳಿಯಾಡುವ ಕಡೆ ಇಡಿ. ಪುಡಿಯನ್ನು ತೆಗೆಯುವ ಕೆಲಸವನ್ನು ತರಬೇತಿ ಪಡೆದ ಸಂರಕ್ಷಕರಿಗೇ ಬಿಡಬೇಕು. ಕಲೆ ಮತ್ತು ಪರಂಪರೆಯನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ.

ಸೀಳುಗೆರೆಗಳಿಗೆ ಕಾರಣ ಬೇರೆ. ಬೆಂಗಳೂರಿನ ಹವೆ ಹಿತವಾದದ್ದೆಂದು ನಾವು ಹೇಳಿಕೊಂಡರೂ, ಮಾರ್ಚ್‌ನ ಒಣಗಾಳಿಗೂ ಜುಲೈನ ತೇವಕ್ಕೂ ನಡುವೆ ಮರವು ಕುಗ್ಗಿ ಹಿಗ್ಗುತ್ತದೆ. ಪದರಗಳ ನಡುವಿನ ಹಳೆಯ ಅಂಟು ಅದನ್ನು ತಾಳಲಾರದೆ ಬಿಡುತ್ತದೆ. ಹೊರಗೋಡೆಯ ಮೇಲೆ, ಪಡುವಣ ಬಿಸಿಲು ಬೀಳುವ ಕಿಟಕಿಯೆದುರು, ದೇವರ ದೀಪದ ಮೇಲ್ಗಡೆ ತೂಗುಹಾಕಬೇಡಿ. ಒಳಗೋಡೆಯ ಮೇಲೆ, ಹಿಂದೆ ಗಾಳಿಯಾಡಲು ಬೆರಳಗಲ ಜಾಗ ಬಿಟ್ಟು ತೂಗುಹಾಕಿ. ಧೂಳು ತೆಗೆಯಲು ಒಣಗಿದ ಮೆತ್ತನೆಯ ಕುಂಚ ಸಾಕು. ಒದ್ದೆ ಬಟ್ಟೆ ತಾಗಿದರೆ ಶಾಯಿಯ ಗೆರೆ ಕದಡುತ್ತದೆ. ಸ್ಪಿರಿಟ್ ತಾಗಿದರೆ ಅರಗಿನ ಹಳೆಯ ಪಾಲಿಶ್ ಕರಗುತ್ತದೆ. ಹಿತ್ತಾಳೆ ಉಜ್ಜುವ ದ್ರವ ತಾಗಿದರೆ ಸಣ್ಣ ಲೋಹದ ಭಾಗಗಳಿಗೆ ಕೊಟ್ಟ ಬೆಳ್ಳಿ, ಚಿನ್ನದ ಲೇಪವೇ ಹೊರಟುಹೋಗುತ್ತದೆ. ಕುಟ್ಟೆ ಹಿಡಿದಿದೆಯೆಂಬ ಅನುಮಾನವಿದ್ದರೆ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ನೋಡಿ. ಹೊಸ ಪುಡಿ ಬಿದ್ದರೆ ಮಾತ್ರ ಹುಳು ಬದುಕಿದೆ; ಹಳೆಯ ತೂತುಗಳಿಗೆ ಹೆದರಬೇಕಿಲ್ಲ.

ಇಂದಿರಾನಗರದ ಓದುಗರು: ಮನೆತನದ ಮಾದರಿಯೊಂದನ್ನು ಲಂಡನ್ನಿನಲ್ಲಿರುವ ಮಗನಿಗೆ ಕಳಿಸಬಹುದೇ?

ಉತ್ತರ: ಅದಕ್ಕೆ ನೂರು ವರ್ಷ ತುಂಬಿದೆಯೇ ಎಂಬುದನ್ನು ಮೊದಲು ನೋಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ, ನೂರು ವರ್ಷ ದಾಟಿದ, ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ವಸ್ತುವು ಪ್ರಾಚ್ಯವಸ್ತು ಎನಿಸುತ್ತದೆ, ಮತ್ತು ಅಂಥದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿ ಕೆತ್ತಿದ ಹಡಗು ಎಂಬ ವಾದವನ್ನು ನಂಬಿ ಪೆಟ್ಟಿಗೆ ಕಟ್ಟಬೇಡಿ. ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಬೆಂಗಳೂರಿನ ಕಚೇರಿಗೆ ಫೋಟೊ ಮತ್ತು ಅಳತೆಗಳೊಡನೆ ಬರೆದು, ಅವರ ಲಿಖಿತ ಉತ್ತರ ಕೈಗೆ ಬಂದ ಮೇಲೆ ಮುಂದುವರಿಯಿರಿ. ಅಲ್ಲಿಯವರೆಗೆ, ಮಾದರಿಯ ಮೈಮೇಲಿನ ಗೆರೆಗಳನ್ನು ತೆಳುಕಾಗದದ ಮೇಲೆ ನಕಲು ತೆಗೆಸಿ ಮಗನಿಗೆ ಕಳಿಸಿಕೊಡಿ. ಅದಕ್ಕೆ ಯಾವ ಅನುಮತಿಯೂ ಬೇಡ, ಹಡಗು ಯಾವುದೆಂದು ಅಲ್ಲಿಯ ಸಂಗ್ರಹಾಲಯಗಳಲ್ಲಿ ವಿಚಾರಿಸಲು ಅವರಿಗೆ ಬೇಕಾಗುವುದೂ ಅದೇ.